ಎಡಗೈ ಎಳೆಯುವವರೆಗೆ

ಹಾಲೇಶನ ಹೊಸ ಬಲಗೈಗೆ ಎಲ್ಲವೂ ಗೊತ್ತಿತ್ತು, ಜಡೆ ಹಾಕುವುದೊಂದನ್ನು ಬಿಟ್ಟು.

ಬೀಗ ಕಂಡರೆ ಕೀಲಿ ಹಿಡಿದು ತಾನೇ ತಿರುಗುತ್ತಿತ್ತು. ಬಿಸಿ ಚಹಾದ ಲೋಟವಾದರೆ ಅಂಚನ್ನಷ್ಟೇ ಎರಡು ಬೆರಳಲ್ಲಿ ಹಿಡಿಯುತ್ತಿತ್ತು. ಅಂಗಿಯ ಗುಂಡಿ, ಬೈಕಿನ ಆಕ್ಸಿಲರೇಟರು, ಮಂಡಕ್ಕಿಗೆ ಒಗ್ಗರಣೆ ಕಲಸುವುದು, ಎಲ್ಲವನ್ನೂ ಅವನು ಪೂರ್ತಿ ಅಂದುಕೊಳ್ಳುವ ಮೊದಲೇ ಊಹಿಸಿ ಮಾಡಿಬಿಡುತ್ತಿತ್ತು. ಆ ಕಾಲಕ್ಕೆ ಎಲ್ಲ ಯಂತ್ರಗಳೂ ಹಾಗೇ ಇದ್ದವು. ಯಂತ್ರದ ಮುಂದೆ ಕೂತು ಒಂದೊಂದೇ ಹೆಜ್ಜೆ ಬಿಡಿಸಿ ಹೇಳುವ ಪದ್ಧತಿ ಹೋಗಿ ವರ್ಷಗಳಾಗಿದ್ದವು. ಅರ್ಧ ಮಾತು ಆಡಿದರೆ ಸಾಕು, ಉಳಿದರ್ಧವನ್ನು ಅವೇ ತುಂಬಿಕೊಳ್ಳುತ್ತಿದ್ದವು.

ಹಾಲೇಶ ದಾವಣಗೆರೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿದ್ದವನು. ಕಾಗದ ಕತ್ತರಿಸುವ ಮಶೀನು ಒಂದು ಮಧ್ಯಾಹ್ನ ಅವನ ಬಲಗೈಯನ್ನು ಮಣಿಕಟ್ಟಿನವರೆಗೆ ತೆಗೆದುಕೊಂಡಿತು. ವಿಮೆಯಿಂದ ಈ ಕೈ ಬಂತು. ಹಾಕಿಸಿಕೊಂಡು ಮನೆಗೆ ಬಂದ ಮರುದಿನ ಬೆಳಿಗ್ಗೆ, ಒಂಬತ್ತು ವರ್ಷದ ಮಗಳು ಇಂಪನಾ ಬಾಚಣಿಗೆ, ಎಣ್ಣೆ ಬಾಟಲಿ, ಎರಡು ನೀಲಿ ರಿಬ್ಬನ್ ಹಿಡಿದು ಅವನ ಮುಂದೆ ಬೆನ್ನು ಮಾಡಿ ಕೂತಳು.

ಜಡೆ ಅಪ್ಪನ ಕೆಲಸ. ತಾಯಿ ಅನಸೂಯ ಆಸ್ಪತ್ರೆಯಲ್ಲಿ ನರ್ಸು. ಅವಳು ಐದೂವರೆಯ ಬಸ್ಸಿಗೆ ಹೊರಟುಬಿಡುತ್ತಾಳೆ, ಮಗಳು ಏಳುವುದು ಆಮೇಲೆ. ಹಾಗಾಗಿ ಶಾಲೆ ಸೇರಿದ ದಿನದಿಂದ ಎರಡು ಜಡೆ ಹಾಕಿ, ಮಡಚಿ, ರಿಬ್ಬನ್ ಕಟ್ಟುವುದು ಅವನೇ. ಒಂದು ಜಡೆಗೆ ಒಂದು ಮಗ್ಗಿ ಎಂಬುದು ಅವರಿಬ್ಬರ ಕರಾರು. ಇಂಪನಾ ಮಗ್ಗಿ ಹೇಳುತ್ತಾಳೆ, ಅಪ್ಪ ಹೆಣೆಯುತ್ತಾನೆ. ಎರಡರ ಮಗ್ಗಿಯಿಂದ ಶುರುವಾದದ್ದು ಹನ್ನೆರಡಕ್ಕೆ ಬಂದು ನಿಂತಿತ್ತು, ಅಷ್ಟರಲ್ಲಿ ಕೈ ಹೋಯಿತು.

ಅವನು ಕೂದಲು ಬಾಚಿ ಮೂರು ಎಳೆ ಮಾಡಿ, ಬಲಗಡೆಯ ಎಳೆಯನ್ನು ಹೊಸ ಕೈಗೆ ಕೊಟ್ಟ. ಕೈ ಒಂದು ಕ್ಷಣ ಯೋಚಿಸಿದಂತೆ ಮಾಡಿತು. ಆಮೇಲೆ ಎಳೆ ಬಿಟ್ಟು, ಅವಳ ತಲೆಯನ್ನು ಟವಲ್ಲಿನಲ್ಲಿ ಒರೆಸುವ ಹಾಗೆ ಗಸಗಸ ಉಜ್ಜಿತು.

"ಅಪ್ಪಾ! ಏನ್ ಮಾಡ್ತಿದೀಯಾ?"

"ನಾನಲ್ಲವ್ವಾ, ಇದು."

ಇನ್ನೊಮ್ಮೆ ಕೊಟ್ಟ. ಈ ಸಲ ಕೈ ಅವಳ ನೆತ್ತಿಯ ಮೇಲೆ ಎರಡು ಸಲ ತಟ್ಟಿ, ಆಶೀರ್ವಾದ ಮುಗಿಯಿತೆಂಬಂತೆ ವಾಪಸು ಬಂತು.

ಸರ್ವಿಸ್ ಸೆಂಟರಿನವನು ನಕ್ಕೂ ನಗದ ಹಾಗೆ ಮುಖ ಮಾಡಿ ಹೇಳಿದ: "ನಲವತ್ತು ಸಾವಿರ ಗಂಡಸರ ಕೈ ನೋಡಿ ಕಲ್ತಿರೋದು ಸಾರ್ ಇದು. ಅದ್ರಾಗೆ ಮಗಳಿಗೆ ಜಡೆ ಹಾಕಿದೋರು ಯಾರೂ ಇದ್ದಂಗಿಲ್ಲ."

"ಹಂಗಾರೆ ಹೆಂಗಸರ ಕೈಯಿಂದ ಕಲ್ತಿದ್ದು ಹಾಕ್ರಿ."

"ಅದು ನಿಮ್ಮ ಅಳತೆಗೆ ಕೂರಲ್ಲ. ಒಂದೇ ದಾರಿ ಐತೆ. ಊಹೆ ಬಂದ್ ಮಾಡಿ, ನೀವೇ ಒಂದೊಂದ್ ಹೆಜ್ಜೆ ಬರ್ದು ಕೊಡಬೇಕು. ಆದ್ರೆ ಅದಕ್ಕೆ ಪರವಾನಗಿ ಬೇಕು. ಊಹೆ ಇಲ್ಲದ ಕೈ ಅಂದ್ರೆ ಹುಡುಗಾಟ ಅಲ್ಲ, ತಲೇನೂ ಜಜ್ಜಿಬಿಡ್ತದೆ."

ಪರವಾನಗಿ ಬೇಕೆಂದರೆ ವಿಶ್ವವಿದ್ಯಾಲಯದಲ್ಲಿ 'ಗಣಕ ಚಿಂತನೆ ಮತ್ತು ಪ್ರೋಗ್ರಾಮಿಂಗ್ ಪ್ರವೇಶ' ಎಂಬ ಪತ್ರಿಕೆ ಪಾಸಾಗಬೇಕು. ಜನವರಿಯಿಂದ ಮೇವರೆಗೆ, ವಾರಕ್ಕೆ ಮೂರು ಮಧ್ಯಾಹ್ನ. ಎಲ್ಲರೂ ಮರೆತ ಆ ವಿದ್ಯೆಯನ್ನು ಇನ್ನೂ ಕಲಿಸುತ್ತಿದ್ದ ಜಾಗ ಅದೊಂದೇ.

ಅನಸೂಯ ಕೇಳಿ ನಿಟ್ಟುಸಿರು ಬಿಟ್ಟಳು. "ನಲವತ್ತೊಂದು ವರ್ಷಕ್ಕೆ ಕಾಲೇಜು. ಅದರ ಬದಲು ಕೂದಲು ಗಿಡ್ಡ ಮಾಡಿಸಿದ್ರೆ ಹತ್ತು ನಿಮಿಷದ ಕೆಲಸ ರೀ."

"ನಾನು ಕತ್ತರಿಸ್ಕೊಳ್ಳಲ್ಲ," ಎಂದಳು ಇಂಪನಾ ಒಳಗಿನಿಂದ.

ಕೊನೆಗೆ ಮೂವರೂ ಕೂತು ತೀರ್ಮಾನ ಮಾಡಿದರು. ಜೂನ್ ಒಂದಕ್ಕೆ ಶಾಲೆ ಶುರು. ಅಷ್ಟರೊಳಗೆ ಅಪ್ಪ ಪಾಸಾದರೆ ಜಡೆ, ಇಲ್ಲದಿದ್ದರೆ ಕತ್ತರಿ. ಅಲ್ಲಿಯವರೆಗೆ ಒಂದು ರಬ್ಬರ್ ಬ್ಯಾಂಡು.

*

ಲ್ಯಾಬಿನ ಗೋಡೆಗೆ ಒಂದು ಉದ್ದದ ಹಲಗೆ. ಅದರ ಮೇಲೆ ಸಾಲಾಗಿ ಜಜ್ಜಿಹೋದ ಸ್ಟೀಲ್ ಲೋಟಗಳು, ಒಂದೊಂದರ ಮೇಲೂ ಒಂದೊಂದು ಹೆಸರು. ಹಳೆಯ ವಿದ್ಯಾರ್ಥಿಗಳ ಮೊದಲ ದಿನದ ಸಾಧನೆ.

"ಎಲ್ಲರದೂ ಒಂದೊಂದು ಅಲ್ಲಿ ಹೋಗ್ತದೆ. ನಾಚಿಕೆ ಪಡಬೇಡಿ," ಎಂದರು ರುಬೀನಾ ಮೇಡಂ. ಐವತ್ತು ದಾಟಿದ, ದಪ್ಪ ಕನ್ನಡಕದ ಹೆಂಗಸು. ಅವರ ತರಗತಿಯಲ್ಲಿ ಹದಿನೆಂಟು ಹತ್ತೊಂಬತ್ತರ ಮಕ್ಕಳ ನಡುವೆ ಹಾಲೇಶ ಮದುವೆಗೆ ಬಂದ ಬೀಗರಂತೆ ಬೆಂಚಿನ ತುದಿಯಲ್ಲಿ ಕೂತಿದ್ದ. ಪಕ್ಕದ ಹುಡುಗಿ ಹರಪನಹಳ್ಳಿಯ ಹಂಸವೇಣಿ. ಮೊದಲ ದಿನ ಅವನನ್ನು ಅಂಕಲ್ ಎಂದಳು. ಅವನು ಮುಖ ಸಣ್ಣದು ಮಾಡಿದ್ದು ನೋಡಿ ಎರಡನೇ ದಿನದಿಂದ ಹಾಲೇಶಣ್ಣ ಎಂದಳು.

ಮೇಡಂ ಲ್ಯಾಬಿನ ವಿಶೇಷ ಕೀಲಿಯಿಂದ ಅವನ ಕೈಯ ಊಹೆಯನ್ನು ಬಂದ್ ಮಾಡಿದರು. ಕೈ ಮೇಜಿನ ಮೇಲೆ ಸತ್ತ ಏಡಿಯಂತೆ ಬಿತ್ತು.

"ಈಗ ಲೋಟ ಎತ್ತಿಸಿ ನೋಡೋಣ."

ಹಾಲೇಶ ಎಡಗೈಯಲ್ಲಿ ಒಂದೊಂದೇ ಕೀಲಿ ಒತ್ತಿ 'ಲೋಟ ಎತ್ತು' ಎಂದು ಬರೆದ. ಕೈ ಅಲ್ಲಾಡಲಿಲ್ಲ. 'ಎತ್ತು' ಎಂದರೆ ಏನೆಂದು ಅದಕ್ಕೆ ಯಾರು ಹೇಳಿದ್ದಾರೆ? ಮೇಡಂ ಕೊಟ್ಟ ಪಟ್ಟಿಯಲ್ಲಿದ್ದದ್ದು ಕೆಲವೇ ಪದ: ಬಿಚ್ಚು, ಮುಚ್ಚು, ಸರಿ, ತಿರುಗು, ಕಾಯಿ. ಅದರಲ್ಲೇ ಬರೆಯಬೇಕು. 'ಲೋಟದವರೆಗೆ ಸರಿ. ಮುಚ್ಚು. ಮೇಲೆ ಸರಿ.' ಕೈ ಸರಿಯಿತು, ಮುಚ್ಚಿತು, ಮುಚ್ಚುತ್ತಲೇ ಹೋಯಿತು. ಎಷ್ಟು ಮುಚ್ಚಬೇಕೆಂದು ಅವನು ಹೇಳಿರಲಿಲ್ಲ. ಲೋಟ ಕುಯ್ಯೋ ಎಂದು ನಡು ಮುರಿದುಕೊಂಡಿತು.

ಹಂಸವೇಣಿ ಚಪ್ಪಾಳೆ ತಟ್ಟಿದಳು. "ಹಲಗೆ ಮೇಲೆ ಜಾಗ ಗ್ಯಾರಂಟಿ ಹಾಲೇಶಣ್ಣಾ!"

ಹಾಲೇಶನಿಗೆ ಆ ಕ್ಷಣ ಪ್ರೆಸ್ಸಿನ ಮಶೀನು ನೆನಪಾಯಿತು, ಎಡಗೈಯನ್ನು ಮೇಜಿನಿಂದ ಹಿಂದಕ್ಕೆ ಎಳೆದುಕೊಂಡ. ಆದರೂ ಅಂದು ಬಸ್ಸಿನಲ್ಲಿ ವಾಪಸು ಬರುವಾಗ ಅವನಿಗೆ ಒಂದು ಬಗೆಯ ಸಮಾಧಾನವೂ ಇತ್ತು. ಊಹಿಸುವ ಕೈ ಅವನದಾಗಿರಲಿಲ್ಲ. ನಲವತ್ತು ಸಾವಿರ ಜನರ ಕೈ ಅದು. ಇದು ಪೆದ್ದಾದರೂ ಅವನದೇ.

*

ಫೆಬ್ರುವರಿ, ಮಾರ್ಚ್ ಹೀಗೇ ಹೋದವು. ಲ್ಯಾಬಿನಲ್ಲಿ ನೈಲಾನ್ ಕೂದಲಿನ ಒಂದು ಬೊಂಬೆ ತಲೆ ಇತ್ತು. ಹಾಲೇಶ ತನ್ನ ಪ್ರಾಜೆಕ್ಟ್ ಜಡೆಯೆಂದು ಬರೆದುಕೊಟ್ಟಾಗ ಇಡೀ ತರಗತಿ ನಕ್ಕಿತು, ಮೇಡಂ ಮಾತ್ರ ನಗಲಿಲ್ಲ. "ಒಳ್ಳೇದು ಆರಿಸಿಕೊಂಡಿದ್ದೀರಿ. ಕಷ್ಟದ್ದೂ ಹೌದು."

ಮೊದಲ ತಪ್ಪು ಅವನು ಮೂರು ಎಳೆಗೆ ಎಡ, ನಡು, ಬಲ ಎಂದು ಹೆಸರಿಟ್ಟದ್ದರಲ್ಲೇ ಇತ್ತು. ಬಲದ್ದನ್ನು ನಡುವಿನದರ ಮೇಲೆ ತಂದ ಮೇಲೆ ನಡುವೆ ಇರುವುದು ಯಾವುದು? ಅವನ ಬರಹದಲ್ಲಿ ಅದು ಇನ್ನೂ 'ಬಲ'ವೇ. ಮೂರನೇ ಸುತ್ತಿಗೆ ಕೈ, ಎಳೆಯೇ ಇಲ್ಲದ ಜಾಗದಲ್ಲಿ ಹುಡುಕಿ ಬೊಂಬೆಯ ಕಿವಿ ಹಿಡಿಯಿತು. ಹಂಸವೇಣಿ ತನ್ನ ಚೀಲದಿಂದ ಕೆಂಪು, ಹಳದಿ, ಬಿಳಿ ದಾರ ತೆಗೆದು ಒಂದೊಂದು ಎಳೆಗೆ ಕಟ್ಟಿದಳು.

"ನೋಡಣ್ಣಾ. ಕೆಂಪು ಯಾವಾಗ್ಲೂ ಕೆಂಪೇ. ಆದ್ರೆ ಬಲ ಅನ್ನೋದು ಕುರ್ಚಿ ಇದ್ದಂಗೆ. ಈಗ ಯಾರ್ ಕೂತಿದಾರೋ ಅವರದು."

ಅದು ತಲೆಗೆ ಹೋದ ಮೇಲೆ ಪುಟಗಟ್ಟಲೆ ಬರೆದದ್ದು ಆರು ಸಾಲಿಗೆ ಇಳಿಯಿತು. ಬಲಗಡೆ ಇರುವುದನ್ನು ನಡುವೆ ತಾ. ಎರಡು ಸೆಕೆಂಡು ಕಾಯಿ. ಅಷ್ಟರಲ್ಲಿ ಅವನ ನಿಜದ ಎಡಗೈ ಎಡಗಡೆಯದನ್ನು ನಡುವೆ ತರುತ್ತದೆ. ಬಿಗಿ ಮಾಡು. ತುದಿಗೆ ನಾಲ್ಕು ಬೆರಳು ಕೂದಲು ಉಳಿಯುವವರೆಗೆ ಇದನ್ನೇ ಮಾಡುತ್ತಿರು. ಏಪ್ರಿಲ್ ಕೊನೆಗೆ ಬೊಂಬೆಯ ಜಡೆ ಅಂಗಡಿಯ ಚೌರಿಯಂತೆ ನಯವಾಗಿ ಇಳಿಯಿತು. ಮೇಡಂ ಮೂರು ವಾರಕ್ಕೆ ಮನೆಯ ಅನುಮತಿ ಕೊಟ್ಟರು: ದಿನಕ್ಕೆ ಅರ್ಧ ಗಂಟೆ, ಹಿಡಿತ ಕಡಿಮೆ, ಬೇರೆ ಯಾವ ಕೆಲಸಕ್ಕೂ ಅಲ್ಲ.

ಸೋಮವಾರ ಬೆಳಿಗ್ಗೆ ಇಂಪನಾ ಬಾಚಣಿಗೆ ಹಿಡಿದು ಬೆನ್ನು ಮಾಡಿ ಕೂತಳು. ಬೇಸಿಗೆ ರಜೆ, ಆದರೂ ಸ್ನಾನ ಮುಗಿಸಿ ಹೊಸ ರಿಬ್ಬನ್ ತಂದಿದ್ದಳು.

"ಎಲ್ಲಿಗೆ ನಿಂತಿತ್ತು ಮಗ್ಗಿ?"

"ಹನ್ನೆರಡು ಮುಗ್ದಿತ್ತು. ಈಗ ಹದಿಮೂರು," ಎಂದಳು. "ಶುರು ಮಾಡ್ಲಾ?"

ಮೊದಮೊದಲು ಚೆನ್ನಾಗಿಯೇ ನಡೆಯಿತು. ಏಳು ಸುತ್ತು ಆಗಿತ್ತೋ ಇಲ್ಲವೋ, ಇದ್ದಕ್ಕಿದ್ದಂತೆ ಬಲಗೈ ಮುಂದೆ ಹೋಗಿ ಬಿಗಿ ಮಾಡಿತು, ಎಡಗೈಯಲ್ಲಿ ಎಳೆ ಹಾಗೇ ಉಳಿದಿತ್ತು.

"ಅಮ್ಮಾ! ಕಿತ್ ಬರ್ತದೆ!"

ಜಡೆ ಕೆಳಗಿನಿಂದ ಬಿಚ್ಚಿಕೊಂಡು ಹೋಯಿತು. ಮಂಗಳವಾರ ಎರಡು ಕಡೆ ತಪ್ಪಿತು. ಗುರುವಾರ ಅವಳ ಕಣ್ಣಲ್ಲಿ ನೀರು ಬಂತು. ಆದರೆ ಅಳಲಿಲ್ಲ. "ನೋವಾಗಲ್ಲ, ಹಾಕಪ್ಪಾ," ಎಂದಳು, ಕುತ್ತಿಗೆ ಬಿಗಿಹಿಡಿದು. ಅದನ್ನು ಕೇಳುವುದಕ್ಕಿಂತ ಅವಳು ಅತ್ತಿದ್ದರೆ ವಾಸಿಯಿತ್ತು ಎನಿಸಿತು ಹಾಲೇಶನಿಗೆ.

ಆ ಸಂಜೆ ಅನಸೂಯ ಡ್ಯೂಟಿ ಮುಗಿಸಿ ಬಂದು ಮಗಳ ನೆತ್ತಿಗೆ ಎಣ್ಣೆ ಹಚ್ಚುತ್ತಾ, "ಬೊಂಬೆಗೆ ಬರ್ತದೆ, ಮಗೂಗೆ ಬರಲ್ಲ ಅಂದ್ರೆ ಏನ್ರೀ ಅದು?" ಎಂದು ಕೇಳಿದಳು. ಸಿಟ್ಟಿನಿಂದಲ್ಲ, ನಿಜಕ್ಕೂ ತಿಳಿಯದೆ.

ಅವನಿಗೂ ತಿಳಿದಿರಲಿಲ್ಲ. ಎಣ್ಣೆ ಜಾಸ್ತಿಯಾಯಿತೇ ಎಂದು ಎಣ್ಣೆ ಬಿಟ್ಟು ನೋಡಿದ. ಕೂದಲು ಒದ್ದೆಯೇ ಎಂದು ಒಣಗಿಸಿ ನೋಡಿದ. ಸ್ಟೂಲು ಬದಲಿಸಿದ. 'ಎರಡು ಸೆಕೆಂಡು' ಇದ್ದದ್ದನ್ನು ಮೂರು ಮಾಡಿದ. ಆಗ ಮೊದಲ ಸುತ್ತುಗಳೂ ಕೆಟ್ಟವು.

*

"ಹಿಂಗೆ ಒಂದೊಂದೇ ಬದಲಾಯಿಸ್ತಾ ಹೋದ್ರೆ ಆಗಲ್ಲ," ಎಂದರು ಮೇಡಂ. "ಎಲ್ಲಿ ತಪ್ಪಿತು ಅಂತ ದಿನಾ ಬರಕೊಂಡು ಬನ್ನಿ. ಯಾಕೆ ಅಂತ ಬೇಡ. ಎಲ್ಲಿ ಅಂತ ಮಾತ್ರ."

ಬರೆದುಕೊಂಡು ಬಂದ. ಮುಂದಿನ ವಾರದ್ದು ಒಂದು ಹಾಳೆ. ಸೋಮವಾರ, ಏಳನೇ ಸುತ್ತಿನ ನಂತರ. ಮಂಗಳವಾರ, ಮೂರರ ನಂತರ, ಮತ್ತೆ ಏಳರ ನಂತರ. ಬುಧವಾರ, ಎಲ್ಲೂ ಇಲ್ಲ, ಎರಡೂ ಜಡೆ ಸರಿ. ಗುರುವಾರ, ಏಳು ಮತ್ತು ಎಂಟರ ನಂತರ.

ಹಂಸವೇಣಿ ಹಾಳೆಯ ಮೇಲೆ ಬೆರಳಾಡಿಸಿದಳು. "ಏಳಕ್ಕೆ ಏನೋ ಆಗ್ತದೆ."

"ಅದು ಬಿಡು. ಬುಧವಾರಕ್ಕೆ ಏನಾಗಿತ್ತು?" ಎಂದರು ಮೇಡಂ. "ಬುಧವಾರ ಏನು ಬೇರೆ ಇತ್ತು ಹಾಲೇಶ್ ಅವರೇ?"

"ಏನಿಲ್ಲ ಮೇಡಂ. ಅದೇ ಸ್ಟೂಲು, ಅದೇ ಬಾಚಣಿಗೆ. ಮಗೂಗೆ ಗಂಟಲು ಕಟ್ಟಿತ್ತು, ಅಷ್ಟೇ."

"ಗಂಟಲಿಗೂ ಜಡೆಗೂ ಏನ್ ಸಂಬಂಧ?"

"ಸಂಬಂಧ ಏನೂ ಇಲ್ಲ. ಮಾತಾಡಾಕೆ ಆಗ್ತಿರಲಿಲ್ಲ, ಅದಕ್ಕೆ ಮಗ್ಗಿ ಹೇ..."

ಹಾಲೇಶ ಅಲ್ಲಿಗೇ ನಿಂತ.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಂದು ಜಡೆಗೆ ಒಂದು ಮಗ್ಗಿಯ ಕಥೆಯನ್ನೆಲ್ಲ ಅವನ ಬಾಯಿಂದ ಕೇಳಿ, ಬೊಂಬೆಯನ್ನು ಎಳೆದು ಮುಂದಿಟ್ಟು, "ಹಂಸವೇಣಿ, ನೀನು ಹೇಳು ಹದಿಮೂರರ ಮಗ್ಗಿ," ಎಂದರು.

"ಮೇಡಂ, ನಂಗೇ ಸರಿಯಾಗಿ ಬರಲ್ಲ."

"ಬರದೇ ಇದ್ರೇನೇ ಒಳ್ಳೇದು."

ಹಂಸವೇಣಿ ಶುರು ಮಾಡಿದಳು. ಹದಿಮೂರೊಂದ್ಲಿ ಹದಿಮೂರು, ಹದಿಮೂರೆರಡ್ಲಿ ಇಪ್ಪತ್ತಾರು. ಹಾಲೇಶನ ಎರಡು ಕೈಯೂ ಸರಾಗ ನಡೆದವು. ಹದಿಮೂರ್ಮೂರ್ಲಿ ಮೂವತ್ತೊಂಬತ್ತು. "ಹದಿಮೂರ್ನಾಲ್ಕ್ಲಿ..." ಎಂದು ಅವಳು ಚಾವಣಿ ನೋಡಿದಳು. ಹಾಲೇಶನ ಎಡಗೈ ಎಳೆ ಹಿಡಿದು ಗಾಳಿಯಲ್ಲೇ ನಿಂತುಬಿಟ್ಟಿತು. ನಿಲ್ಲಬೇಕೆಂದು ಅವನು ಅಂದುಕೊಂಡಿರಲೇ ಇಲ್ಲ. ಬಲಗೈ ಮಾತ್ರ ಎರಡು ಸೆಕೆಂಡು ಎಣಿಸಿ, ಹೇಳಿದ ಹಾಗೆ ಮುಂದೆ ಹೋಗಿ, ಬಿಗಿ ಮಾಡಿ, ಬೊಂಬೆಯ ತಲೆಯನ್ನು ಪಕ್ಕಕ್ಕೆ ವಾಲಿಸಿತು.

ಲ್ಯಾಬಿನಲ್ಲಿ ನಗುವೋ ನಗು. ಹಾಲೇಶ ತನ್ನ ಎಡಗೈಯನ್ನು ಈಗಷ್ಟೇ ಕಂಡವನಂತೆ ತಿರುಗಿಸಿ ತಿರುಗಿಸಿ ನೋಡಿದ. ನಾಲ್ಕು ತಿಂಗಳು ಯಂತ್ರದ ತಪ್ಪು ಹುಡುಕಿದ್ದ. ಯಂತ್ರ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿತ್ತು. ಮಗಳು ಮಗ್ಗಿ ತಡವರಿಸಿದಾಗೆಲ್ಲ ನಿಂತು ಕಾಯುವುದನ್ನು ಯಾರಿಗೂ ಹೇಳದೆ ರೂಢಿ ಮಾಡಿಕೊಂಡದ್ದು ಈ ಕೈ.

"ಸುಲಭ ಐತಲ್ಲಾ," ಎಂದಳು ಹಂಸವೇಣಿ. "ಮಗ್ಗಿ ಹೇಳಬೇಡ ಅನ್ನಿ. ಮುಗೀತು."

"ಅದೊಂದು ಬಿಟ್ಟು ಬೇರೆ ಏನಾರ ಹೇಳವ್ವಾ," ಎಂದ ಹಾಲೇಶ ಮೆಲ್ಲಗೆ.

ಅವನು 'ಎರಡು ಸೆಕೆಂಡು ಕಾಯಿ' ಎಂಬ ಸಾಲನ್ನು ಅಳಿಸಿದ. ಎಡಗೈ ಎಳೆಯನ್ನು ನಡುವೆ ತಂದಾಗ ಹೆಣಿಗೆಯಲ್ಲಿ ಒಂದು ಸಣ್ಣ ಜಗ್ಗು ಬರುತ್ತದೆ. ಬಲಗೈಯ ಬೆರಳತುದಿಗೆ ಅದು ತಿಳಿಯುತ್ತದೆ. ಅವನು ಬರೆದ: 'ಎಡಗೈ ಎಳೆಯುವವರೆಗೆ ಕಾಯಿ.'

ಮೇಡಂ ಹಿಂದಿನಿಂದ ಬಗ್ಗಿ ಓದಿದರು. "ಎಳೆಯದೇ ಇದ್ರೆ?"

"ಎಳೀತೀನಿ ಮೇಡಂ."

"ನೀವು ತಲೆ ಸುತ್ತಿ ಬಿದ್ದಿರಿ ಅಂತ ಇಟ್ಕೊಳ್ಳಿ. ಕೈ ಮಗು ಕೂದಲು ಹಿಡಕೊಂಡು ಸಂಜೆತನಕ ಕಾಯ್ತಾ ಕೂರಬೇಕಾ? ಕಾಯೋದಕ್ಕೂ ಒಂದು ಕೊನೆ ಬರೀರಿ."

ಅವನು ಕೆಳಗೆ ಇನ್ನೊಂದು ಸಾಲು ಸೇರಿಸಿದ: 'ಮೂವತ್ತು ಸೆಕೆಂಡಾದರೆ ಎಳೆ ಬಿಟ್ಟುಬಿಡು.'

*

ಮೇ ಇಪ್ಪತ್ತಾರರ ಬೆಳಿಗ್ಗೆ ಪ್ರಾಕ್ಟಿಕಲ್ ಪರೀಕ್ಷೆ. ಕೆಲಸವನ್ನು ಜೀವಂತ ಮನುಷ್ಯರ ಮೇಲೆ ಮಾಡಿ ತೋರಿಸಬೇಕು, ಒಂದೇ ಅವಕಾಶ. ಇಂಪನಾ ತೊಳೆದ ಕೂದಲು ಬಿಟ್ಟುಕೊಂಡು ಲ್ಯಾಬಿನ ಸ್ಟೂಲಿನ ಮೇಲೆ ಕೂತಳು. ರಜೆ ಹಾಕಿ ಬಂದಿದ್ದ ಅನಸೂಯ ಬಾಗಿಲ ಬಳಿ ನಿಂತಿದ್ದಳು. ಹೊರಗಿನಿಂದ ಬಂದ ಪರೀಕ್ಷಕರು ಒಬ್ಬ ತೆಳ್ಳನೆಯ ಹಿರಿಯರು. ಕೈಯಲ್ಲಿ ಗಡಿಯಾರ, ಮುಖದಲ್ಲಿ ಏನೂ ಇಲ್ಲ.

"ಶುರು ಮಾಡಿ."

ಇಂಪನಾ ಗಂಟಲು ಸರಿ ಮಾಡಿಕೊಂಡಳು. ಅಪರಿಚಿತರ ಮುಂದೆ ದನಿ ಚಿಕ್ಕದಾಗಿತ್ತು. ಹದಿಮೂರೊಂದ್ಲಿ, ಹದಿಮೂರೆರಡ್ಲಿ, ಹದಿಮೂರ್ಮೂರ್ಲಿ. ಮೂರಕ್ಕೆ ಸ್ವಲ್ಪ ತಡೆದಳು. ಎಡಗೈ ನಿಂತಿತು, ಬಲಗೈಯೂ ನಿಂತಿತು. ಮೂವತ್ತೊಂಬತ್ತು ಬಂತು, ಎರಡೂ ಹೊರಟವು. ಬಾಗಿಲಲ್ಲಿ ಅನಸೂಯ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಹದಿಮೂರೇಳ್ಲಿ ತೊಂಬತ್ತೊಂದು.

"ಹದಿಮೂರೆಂಟ್ಲಿ..."

ಬರಲಿಲ್ಲ.

ಪರೀಕ್ಷಕರು ಗಡಿಯಾರ ನೋಡಿದರು. ಹಾಲೇಶ ಮಗಳ ಭುಜದ ಮೇಲಿಂದ ಕೆಳಗೆ ನೋಡಿದ. ಮಡಿಲಲ್ಲಿ ಅವಳ ಹೆಬ್ಬೆರಳು ಕಿರುಬೆರಳಿನ ಗೆಣ್ಣಿನ ಮೇಲೆ ಕೂತಿತ್ತು. ತೊಂಬತ್ತೆರಡು, ತೊಂಬತ್ತಮೂರು. ಅವಳು ತೊಂಬತ್ತೊಂದಕ್ಕೆ ಹದಿಮೂರು ಕೂಡುತ್ತಿದ್ದಳು, ಗೆಣ್ಣು ಗೆಣ್ಣು ಹತ್ತಿ. ನಾಲ್ಕು ಬೆರಳಿಗೆ ಹನ್ನೆರಡು ಗೆಣ್ಣು, ಹದಿಮೂರನೆಯದಕ್ಕೆ ಮತ್ತೆ ಕಿರುಬೆರಳು. ಆರನೆಯದಕ್ಕೆ ಬಂದಾಗ ಯಾರೋ ಕೆಮ್ಮಿದರು. ಹೆಬ್ಬೆರಳು ಗಲಿಬಿಲಿಗೊಂಡು ಮೊದಲಿಗೆ ಹೋಯಿತು.

ಹತ್ತು ಸೆಕೆಂಡು ಕಳೆದಿತ್ತು. ಎಡಗೈಯಿಂದ ಒಂದು ಸಲ ಸುಮ್ಮನೆ ಜಗ್ಗಿದರೆ ಸಾಕಿತ್ತು, ಬಲಗೈ ಹೊರಡುತ್ತಿತ್ತು. ಪರೀಕ್ಷಕರಿಗೆ ಗೊತ್ತಾಗುತ್ತಿರಲಿಲ್ಲ. ಮೇಡಮ್ಮಿಗೂ ಗೊತ್ತಾಗುತ್ತಿರಲಿಲ್ಲವೇನೋ. ಇಂಪನಾಗೆ ಗೊತ್ತಾಗುತ್ತಿತ್ತು, ಅಪ್ಪ ಕಾಯಲಿಲ್ಲವೆಂದು. ಹಾಲೇಶ ಎಳೆ ಹಿಡಿದು ನಿಂತ. ಯಂತ್ರದ ಕೈಯೂ ಪಕ್ಕದಲ್ಲಿ ಎಳೆ ಹಿಡಿದು ನಿಂತಿತ್ತು. ಇಪ್ಪತ್ತು. ಹೆಬ್ಬೆರಳು ತೋರುಬೆರಳಿಗೆ ಬಂತು. ಇಪ್ಪತ್ತನಾಲ್ಕು. ತೋರುಬೆರಳಿನ ತುದಿ, ಮತ್ತೆ ಕಿರುಬೆರಳು.

"ನೂರಾನಾಲ್ಕು!"

ಎಡಗೈ ಎಳೆಯಿತು. ಬಲಗೈ ಹೊರಟಿತು.

ಜಡೆ ಮುಗಿದು, ನಾಲ್ಕು ಬೆರಳು ಕೂದಲು ಉಳಿಸಿ, ಕೈ ತಾನಾಗಿ ನಿಂತ ಮೇಲೆ ಪರೀಕ್ಷಕರು ಹತ್ತಿರ ಬಂದು ಹೆಣಿಗೆಯನ್ನು ಬೆರಳಿಂದ ಮುಟ್ಟಿ ನೋಡಿದರು.

"ಇಪ್ಪತ್ತೇಳು ಸೆಕೆಂಡು. ಇನ್ನು ಮೂರು ಹೋಗಿದ್ರೆ?"

"ಬಿಟ್ಟುಬಿಡ್ತಿತ್ತು ಸಾರ್. ಜಡೆ ಬಿಚ್ಚೋಗೋದು."

"ಆಮೇಲೆ?"

"ಮತ್ತೆ ಹದಿಮೂರೊಂದ್ಲಿ ಹದಿಮೂರು ಅಂತ ಮೊದ್ಲಿಂದ ಹಾಕ್ತಿದ್ದೆ."

ಹಿರಿಯರು ಹಾಳೆಯಲ್ಲಿ ಏನೋ ಬರೆದರು. ಹೊರಡುವಾಗ ಇಂಪನಾಳ ಕಡೆ ಬಗ್ಗಿ, "ಒಂಬತ್ತಕ್ಕೆ ಎಷ್ಟು?" ಎಂದು ಕೇಳಿದರು.

"ನೂರಾಹದಿನೇಳು," ಎಂದಳು ಅವಳು, ತಕ್ಷಣ.

*

ಪರವಾನಗಿ ಮೇ ಮೂವತ್ತೊಂದಕ್ಕೆ ಬಂತು. ಕತ್ತರಿ ಹೊಲಿಗೆ ಡಬ್ಬಿಯಲ್ಲೇ ಉಳಿಯಿತು.

ಜೂನ್ ಒಂದರ ಬೆಳಿಗ್ಗೆ ಅನಸೂಯ ಐದೂವರೆಯ ಬಸ್ಸಿಗೆ ಹೋಗಿಯಾಗಿತ್ತು. ಇಂಪನಾ ಹೊಸ ಯೂನಿಫಾರ್ಮಿನಲ್ಲಿ ಬೆನ್ನು ಮಾಡಿ ಕೂತಳು. ಹಾಲೇಶ ಕೈಯ ಊಹೆಯನ್ನು ತಾನೇ ಆರಿಸಿ, ಫೋನಿನಲ್ಲಿ ತನ್ನ ಆರೇಳು ಸಾಲು ತೆರೆದು ಕೇಳಿದ: "ಇವತ್ತು ಯಾವುದವ್ವಾ?"

"ಹದಿನೇಳು."

"ಒಮ್ಮೆಗೇ ಹದಿನೇಳಾ? ಹದಿನಾಲ್ಕು, ಹದಿನೈದು, ಹದಿನಾರು ಎಲ್ಲಿ ಹೋದ್ವು?"

"ರಜೇಲಿ ಕಲ್ತೆ. ಹದಿನೇಳೇ ಕಷ್ಟ ಅಂತೆ, ಅದನ್ನ ಮೊದ್ಲು ಮುಗಿಸ್ತೀನಿ."

ಹಾಲೇಶ 'ಮೂವತ್ತು' ಎಂದಿದ್ದಲ್ಲಿಗೆ ಬೆರಳು ತಂದ. ಸ್ವಲ್ಪ ಯೋಚಿಸಿ ಅದನ್ನು ತೊಂಬತ್ತು ಮಾಡಿದ.

ಮೊದಲ ಐದು ಸುತ್ತು ಸರಸರ ಇಳಿದವು. ಹೊರಗೆ ಶಾಲೆಯ ವ್ಯಾನು ಬಂದು ಹಾರ್ನ್ ಹೊಡೆಯಿತು. "ಹದಿನೇಳಾರ್ಲಿ..." ಎಂದು ಇಂಪನಾ ನಿಂತಳು. ಹೆಬ್ಬೆರಳು ಕಿರುಬೆರಳಿನ ಗೆಣ್ಣಿಗೆ ಹೋಯಿತು.

ವ್ಯಾನು ಇನ್ನೊಮ್ಮೆ ಹೊಡೆಯಿತು.

"ಬರ್ತಾಳ್ರೀ, ಒಂದ್ ನಿಮಿಷ!" ಎಂದು ಹಾಲೇಶ ಕಿಟಕಿಯ ಕಡೆ ಕೂಗಿದ. ಎರಡು ಕೈಗಳೂ ಅಲ್ಲಾಡಲಿಲ್ಲ.